ಸೌದೆ ಉರಿಯುತ್ತಿರುವುದು ಮನೆಗೋ, ಮಣ್ಣಿಗೋ?

"ಈಗಿರೋದಕ್ಕಿಂತ ದೊಡ್ಡ ಬಾಯ್ಲರ್ ಹಾಕಿಸಬೇಕು. ಯಾವ ಸೈಜ್ ತಗೊಳ್ಳಲಿ, ನೀವೇ ಹೇಳಿ."

ಚಳಿಗಾಲದ ನಡುವೆ ನನಗೆ ಬರುವ ಎಷ್ಟೋ ಫೋನುಗಳು ಹೀಗೇ ಶುರುವಾಗುತ್ತವೆ. ಅವತ್ತು ಕರೆ ಮಾಡಿದವರ ದನಿಯಲ್ಲಿ ನಿದ್ದೆಗೆಟ್ಟ ಸುಸ್ತು ಇತ್ತು. ರಾತ್ರಿ ಮೂರಕ್ಕೆ ಎದ್ದು ಹೊರಗೆ ಹೋಗಿ ಸೌದೆ ತುಂಬಿಸುತ್ತಿದ್ದರಂತೆ. ಹಾಗಿದ್ದೂ ಬೆಳಗ್ಗೆ ಮನೆ ತಣ್ಣಗೆ. ಚಳಿಗಾಲ ಪೂರ್ತಿ ಬರಲಿ ಎಂದು ಒಟ್ಟಿದ್ದ ಸೌದೆ ಅರ್ಧದಲ್ಲೇ ತಳ ಕಂಡಿತ್ತು.

ಹೊರಗಿಡುವ ಸೌದೆ ಬಾಯ್ಲರ್ ನೋಡದವರಿಗೆ ಎರಡು ಮಾತು. ಮನೆಯಿಂದ ದೂರದಲ್ಲಿ ಒಂದು ಸಣ್ಣ ಶೆಡ್ಡಿನಂಥ ಪೆಟ್ಟಿಗೆ. ಒಳಗೆ ಬೆಂಕಿಗೂಡು, ಅದರ ಸುತ್ತ ನೀರು. ಕಾದ ನೀರನ್ನು ಪಂಪ್ ನೆಲದಡಿಯ ಪೈಪಿನಲ್ಲಿ ಮನೆಗೆ ತಳ್ಳುತ್ತದೆ. ಮನೆಯೊಳಗೆ ಬಿಸಿ ಬಿಟ್ಟುಕೊಟ್ಟ ನೀರು ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ಹೊಗೆ, ಬೂದಿ, ಬೆಂಕಿಯ ಭಯ ಎಲ್ಲ ಮನೆಯಾಚೆ. ಒಳ್ಳೆಯ ಏರ್ಪಾಡೇ. ಆದರೆ ಮನೆಯವರ ಕಣ್ಣಿಗೆ ಬಾಯ್ಲರ್ ಕಾಣುತ್ತದೆ, ಸೌದೆ ಕಾಣುತ್ತದೆ. ನಡುವಿನ ಆ ಪೈಪ್ ಮಾತ್ರ ಯಾರಿಗೂ ಕಾಣುವುದಿಲ್ಲ.

ಈ ಮನೆಯಲ್ಲಿ ನಡುವಿನ ದೂರ 40 ಮೀಟರ್. ನಾನು ಒಂದೇ ಥರ್ಮಾಮೀಟರನ್ನು ಒಂದಾದ ಮೇಲೊಂದರಂತೆ ನಾಲ್ಕು ಕಡೆ ಕಟ್ಟಿ ಅಳೆದೆ. ಬಾಯ್ಲರಿನಿಂದ ನೀರು ಹೊರಟಾಗ 78 ಡಿಗ್ರಿ, ಮನೆ ಗೋಡೆ ದಾಟಿ ಒಳಬಂದಾಗ 75.4. ಮನೆಯಿಂದ ಹೊರಟಾಗ 66, ಬಾಯ್ಲರ್ ತಲುಪಿದಾಗ 65. ಮನೆಯವರು ನೋಡಿ ಸಮಾಧಾನದ ಉಸಿರು ಬಿಟ್ಟರು. "ಎರಡೂವರೆ ಡಿಗ್ರಿ ತಾನೆ? ಅಷ್ಟು ದೂರ ಬರೋ ನೀರು ಅಷ್ಟಾದರೂ ಆರಲೇಬೇಕಲ್ವಾ?"

ನಮ್ಮಂಥವರು ಕೂಡ ಮೊದಮೊದಲು ಎಡವುವುದು ಇಲ್ಲೇ. ಡಿಗ್ರಿ ಚಿಕ್ಕದಾಗಿ ಕಾಣುತ್ತದೆ. ಆದರೆ ಅದನ್ನು ಹರಿಯುವ ನೀರಿನ ಜೊತೆ ಗುಣಿಸಬೇಕು. ನಿಮಿಷಕ್ಕೆ ಒಂದು ಲೀಟರ್ ನೀರು ಒಂದು ಡಿಗ್ರಿ ಆರಿದರೆ ಸುಮಾರು 70 ವ್ಯಾಟ್ ಹೋಯಿತು ಎಂದು ಲೆಕ್ಕ. ಇಲ್ಲಿ ಪಂಪ್ ನಿಮಿಷಕ್ಕೆ 30 ಲೀಟರ್ ತಳ್ಳುತ್ತಿತ್ತು. ಅಂದರೆ ಒಂದೊಂದು ಡಿಗ್ರಿಗೂ 2.1 ಕಿಲೋವ್ಯಾಟ್. ಹೋಗುವಾಗ 2.6, ಬರುವಾಗ 1, ಒಟ್ಟು 3.6 ಡಿಗ್ರಿ. ಏಳೂವರೆ ಕಿಲೋವ್ಯಾಟ್! ಅದೂ ಹಗಲು ರಾತ್ರಿ ಬಿಡದೆ.

ಇದನ್ನು ಸೌದೆಯಲ್ಲಿ ಹೇಳಿದರೆ ಬೇಗ ಮನಸ್ಸಿಗೆ ನಾಟುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಇಂಥ ಬಾಯ್ಲರಿನಲ್ಲಿ ಅದರ ಅರ್ಧ ನೀರಿಗೆ ಸೇರಿತು ಎಂದುಕೊಳ್ಳಿ, 2 ಯೂನಿಟ್. ಏಳೂವರೆ ಕಿಲೋವ್ಯಾಟ್ ಇಡೀ ದಿನ ಹೋದರೆ 180 ಯೂನಿಟ್. ಅಂದರೆ ದಿನಕ್ಕೆ 90 ಕಿಲೋ ಸೌದೆ. ಕಡಿದು, ಸೀಳಿ, ಒಣಗಿಸಿ, ಹೊತ್ತು ತಂದ 90 ಕಿಲೋ ಸೌದೆ ದಿನಾ ಅಂಗಳದ ಮಣ್ಣನ್ನು ಕಾಯಿಸುತ್ತಿತ್ತು. ಅವರು ಮೂರು ಗಂಟೆಗೆ ಏಳುತ್ತಿದ್ದುದು ಇದಕ್ಕೆ. ಇದನ್ನು ಹೇಳುವಾಗ ನನಗೇ ಸಂಕಟವಾಯಿತು. ದೊಡ್ಡ ಬಾಯ್ಲರ್ ಹಾಕಿದ್ದರೂ ಆ ಶಾಖದ ಸೋರಿಕೆ ಇದ್ದಲ್ಲೇ ಇರುತ್ತಿತ್ತು.

ಪಂಪ್ ಎಷ್ಟು ಲೀಟರ್ ತಳ್ಳುತ್ತದೆ ಎಂದು ಗೊತ್ತಿಲ್ಲದವರೂ ಈ ಲೆಕ್ಕ ಮಾಡಬಹುದು. ಬಾಯ್ಲರ್ ಬಾಯಲ್ಲಿ ಹೋಗುವ ಮತ್ತು ಬರುವ ನೀರಿನ ವ್ಯತ್ಯಾಸ 13 ಡಿಗ್ರಿ. ಅದರಲ್ಲಿ ಪೈಪ್ ತಿಂದಿದ್ದು 3.6. ನೂರರಲ್ಲಿ 28 ಪಾಲು ಮಣ್ಣಿಗೆ. ಇಷ್ಟಕ್ಕೆ ಥರ್ಮಾಮೀಟರ್ ಒಂದೇ ಸಾಕು.

ಮಣ್ಣಿನಲ್ಲಿ ಏನಾಗಿರಬಹುದು ಎಂದು ಅಗೆಯುವ ಮೊದಲೇ ಅಂದಾಜಿತ್ತು. ಸುತ್ತಲೂ ಹಿಮ ಬಿದ್ದಿದ್ದರೂ ಬಾಯ್ಲರಿನಿಂದ ಮನೆಗೆ ಒಂದು ಪಟ್ಟೆಯಷ್ಟು ನೆಲ ಬರಿದಾಗಿತ್ತು, ಅಲ್ಲಲ್ಲಿ ಹಸಿರು ಹುಲ್ಲು. ಅಗೆದಾಗ ಸಿಕ್ಕಿದ್ದು ಸುತ್ತು ಸುತ್ತಾಗಿ ಉಬ್ಬಿದ ಕಪ್ಪು ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಎರಡೂ ನೀರಿನ ಪೈಪುಗಳನ್ನು ಒಟ್ಟಿಗೆ ಸೇರಿಸಿ, ಹೊಳೆಯುವ ಫಾಯಿಲ್ ಹಚ್ಚಿದ ಗುಳ್ಳೆ ಹಾಳೆ ಸುತ್ತಿದ್ದರು. ಕೊಳವೆಯ ತಗ್ಗು ಜಾಗದಲ್ಲಿ ಚಾಕುವಿನಿಂದ ಸಣ್ಣದಾಗಿ ಸೀಳಿದೆ. ನೀರು ಚಿಮ್ಮಿತು. ಬಿಸಿ ನೀರು. ಕೈಗವಸು ತೆಗೆದು ಮುಟ್ಟಿ ನೋಡಿದೆ, ಸ್ನಾನಕ್ಕೆ ಆಗುವಷ್ಟು ಬಿಸಿ. ಅದು ಬಾಯ್ಲರ್ ನೀರಲ್ಲ. ಯಾವುದೋ ಜಾಯಿಂಟಿನಿಂದ ಒಳಗಿಳಿದ ಮಳೆನೀರು, ಹಿಮ ಕರಗಿದ ನೀರು. ಹಾಳೆಯ ಮಡಿಕೆಗಳಲ್ಲೆಲ್ಲ ಕೆಸರು ಕೂತಿತ್ತು. ಒಟ್ಟಿನಲ್ಲಿ ಪೈಪುಗಳು ನೀರಿನಲ್ಲಿ ಮಲಗಿದ್ದವು.

ಶಾಖ ತಡೆಯುವುದರಲ್ಲಿ ಮುಖ್ಯ ಪಾಲು ಅಲುಗದೆ ನಿಂತ ಗಾಳಿ ಅಥವಾ ಗ್ಯಾಸಿನದು. ಫೋಮ್ ಎಂದರೆ ಅದನ್ನು ಸಾವಿರಾರು ಪುಟ್ಟ ಗೂಡುಗಳಲ್ಲಿ ಕಟ್ಟಿಹಾಕಿದ್ದು, ಅಷ್ಟೇ. ಆ ಜಾಗಕ್ಕೆ ನೀರು ಬಂತೋ, ಕಥೆ ಮುಗಿಯಿತು. ಒಳ್ಳೆ ಪಾಲಿಯುರೆಥೇನ್ ಫೋಮಿಗಿಂತ ನೀರು ಸುಮಾರು 24 ಪಟ್ಟು ಜಾಸ್ತಿ ಶಾಖ ದಾಟಿಸುತ್ತದೆ. ಅದೂ ನಿಂತ ನೀರಿನ ಲೆಕ್ಕ. ಕೊಳವೆಯೊಳಗೆ ಬಿಸಿಯಾದ ನೀರು ಮೇಲೇರಿ, ಆರಿದ್ದು ಕೆಳಗಿಳಿದು ಸುತ್ತುತ್ತಿದ್ದರೆ ಇನ್ನೂ ಜಾಸ್ತಿ. ಆಚೆ ಹಸಿ ಮಣ್ಣು, ಅದು ಒಣ ಮಣ್ಣಿಗಿಂತ ಹಲವು ಪಟ್ಟು ಬೇಗ ಬಿಸಿ ಎಳೆದುಕೊಳ್ಳುತ್ತದೆ. ಅಂತರ್ಜಲ ಹರಿಯುವ ಜಾಗವಾದರೆ ಕೇಳುವುದೇ ಬೇಡ, ಕಾದ ನೀರು ಮುಂದೆ ಹೋಗಿ ತಣ್ಣನೆಯದು ಬರುತ್ತಲೇ ಇರುತ್ತದೆ.

ಅದಕ್ಕೇ ನಾನು ಹೇಳುವುದು, ಮಣ್ಣಿನ ತಂಪಿಗೆ ಹೆದರಬೇಡಿ, ನೀರಿಗೆ ಹೆದರಿ.

ಫಾಯಿಲ್ ಹಾಳೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಹೊಳೆಯುತ್ತದೆ, ಹಗುರ, ಸುತ್ತುವುದು ಸುಲಭ. ಆದರೆ ಹೊಳೆಯುವ ಮೈ ಕೆಲಸ ಮಾಡಬೇಕಾದರೆ ಅದರ ಮುಂದೆ ಗಾಳಿಯ ಜಾಗ ಬೇಕು. ಪೈಪಿಗೆ ಬಿಗಿಯಾಗಿ ಸುತ್ತಿದ ಮೇಲೆ ಗಾಳಿ ಎಲ್ಲಿ? ಉಳಿಯುವುದು ತೆಳ್ಳನೆಯ ಗುಳ್ಳೆ ಪದರ ಮಾತ್ರ. ನೆಲದಡಿಯ ಕೆಲಸಕ್ಕೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಎರಡು ಪೈಪುಗಳನ್ನು ಅಂಟಿಸಿ ಇಡುವುದೂ ತೊಂದರೆಯೇ. ಹೋಗುವ ಬಿಸಿ ನೀರು ಪಕ್ಕದ ಪೈಪಿನಲ್ಲಿ ವಾಪಸ್ ಬರುವ ನೀರನ್ನು ಕಾಯಿಸುತ್ತದೆ. ಆ ಬಿಸಿ ಬಾಯ್ಲರಿಗೆ ಮರಳುವುದರಿಂದ ಪೂರ್ತಿ ನಷ್ಟವಲ್ಲ. ಆದರೆ ಮನೆಗೆ ತಲುಪಬೇಕಾದ ಬಿಸಿ ದಾರಿಯಲ್ಲೇ ತಿರುಗಿ ಹೋಯಿತು. ಈ ಮನೆಯಲ್ಲಿ ಹೋಗುವಾಗ 2.6 ಇಳಿದು ಬರುವಾಗ ಬರೀ 1 ಡಿಗ್ರಿ ಇಳಿದದ್ದಕ್ಕೆ ಇದೂ ಒಂದು ಕಾರಣ.

ಹೋದಲ್ಲೆಲ್ಲ ಕೇಳುವ ಎರಡು ಉಪಾಯಗಳಿವೆ. ಒಂದು, ಪಂಪ್ ನಿಧಾನ ಮಾಡುವುದು. ಇದರಿಂದ ಸೋರಿಕೆ ಕಡಿಮೆಯಾಗುವುದಿಲ್ಲ. ಪೈಪ್ ಎಷ್ಟು ಬಿಸಿ, ಸುತ್ತಲಿನ ನೆಲ ಎಷ್ಟು ತಂಪು, ನಡುವೆ ಏನಿದೆ ಎನ್ನುವುದರ ಮೇಲೆ ಸೋರಿಕೆ ನಿಂತಿದೆ. ನೀರು ನಿಧಾನವಾದರೆ ಅಷ್ಟೇ ನಷ್ಟವನ್ನು ಕಡಿಮೆ ನೀರು ಹೊರಬೇಕು, ಮನೆಗೆ ಇನ್ನೂ ಆರಿದ ನೀರು ಬರುತ್ತದೆ. ಇನ್ನೊಂದು, ಪೈಪ್ ಹೂಳುವ ಟ್ರೆಂಚ್ ಇನ್ನೂ ಆಳ ಅಗೆಯುವುದು. ಪೈಪ್ ಹೆಪ್ಪುಗಟ್ಟದ ಹಾಗೆ ಒಂದು ಆಳ ಬೇಕು, ನಿಜ. ಅದಾದ ಮೇಲೆ ಆಳದಿಂದ ಲಾಭ ಇಲ್ಲವೇ ಇಲ್ಲ ಎನ್ನಬಹುದು. ಶಾಖ ತಡೆಯುವ ಹೊದಿಕೆ (ಇನ್ಸುಲೇಷನ್) ಇರುವ ಪೈಪನ್ನು 60 ಸೆಂಟಿಮೀಟರಿನಿಂದ 120ಕ್ಕೆ ಇಳಿಸಿದರೆ ಸೋರಿಕೆ ನೂರಕ್ಕೆ ಕೆಲವೇ ಪಾಲು ತಗ್ಗೀತು. ಬದಲಿಗೆ ಅಂತರ್ಜಲಕ್ಕೆ ಹತ್ತಿರವಾದರೆ ಇರುವುದೂ ಕೆಡುತ್ತದೆ.

ಅಳೆಯುವಾಗ ಆಗುವ ತಪ್ಪು ಬಹಳ ಸಾಮಾನ್ಯ. ಬಾಯ್ಲರ್ ಡಿಸ್‌ಪ್ಲೇ ಒಂದು ಹೇಳುತ್ತದೆ, ಮನೆಯೊಳಗಿನ ಡಯಲ್ ಇನ್ನೊಂದು. ಎರಡು ಬೇರೆ ಬೇರೆ ಥರ್ಮಾಮೀಟರುಗಳ ನಡುವೆ ಒಂದು ಡಿಗ್ರಿ ತಪ್ಪಿದ್ದರೂ ನಿಮ್ಮ ಲೆಕ್ಕದಲ್ಲಿ ಎರಡು ಕಿಲೋವ್ಯಾಟ್ ಸುಮ್ನೆ ಹುಟ್ಟಿಕೊಳ್ಳುತ್ತದೆ, ಇಲ್ಲವೇ ಮಾಯವಾಗುತ್ತದೆ. ಒಂದೇ ಪ್ರೋಬನ್ನು (ಥರ್ಮಾಮೀಟರಿನ ಅಳೆಯುವ ತುದಿ) ಎಲ್ಲ ಕಡೆ ಒಯ್ದು ಅಳೆಯಿರಿ. ಲೋಹದ ಭಾಗಕ್ಕೆ ಒತ್ತಿ ಕಟ್ಟಿ, ಮೇಲೆ ಫೋಮ್ ತುಂಡು ಸುತ್ತಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಬಾಯ್ಲರ್ ನೀರು ಒಂದೇ ಹದದಲ್ಲಿ ಇರುವ ಹೊತ್ತು ನೋಡಿ ಅಳೆಯಿರಿ. ಇನ್‌ಫ್ರಾರೆಡ್ ಗನ್ ಆದರೆ ಹೊಳೆಯುವ ತಾಮ್ರ, ಹಿತ್ತಾಳೆಯ ಮೇಲೆ ತಪ್ಪು ತೋರಿಸುತ್ತದೆ. ಅಲ್ಲಿ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿಯಿಡಿ. ವ್ಯತ್ಯಾಸ ತೀರಾ ಸಣ್ಣದಿದ್ದರೆ ವಾಲ್ವ್ ತಿರುಗಿಸಿ ಹರಿವನ್ನು ಮೂರನೇ ಒಂದಕ್ಕೆ ಇಳಿಸಿ ಸ್ವಲ್ಪ ಹೊತ್ತು ಬಿಡಿ. ನಷ್ಟ ಹೆಚ್ಚುಕಡಿಮೆ ಅಷ್ಟೇ, ಆದರೆ ಡಿಗ್ರಿ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಪರೀಕ್ಷೆ ಇದೆ. ಬೆಂಕಿ ಸಣ್ಣಗಿರುವಾಗ ಪಂಪನ್ನು ಒಂದು ಗಂಟೆ ನಿಲ್ಲಿಸಿ. (ಜೋರು ಬೆಂಕಿ ಇರುವಾಗ ಮಾತ್ರ ಬೇಡ, ಬಾಯ್ಲರಿನಲ್ಲಿ ನೀರು ಕುದಿಯುತ್ತದೆ.) ನಂತರ ವಾಲ್ವ್ ಸ್ವಲ್ಪವೇ ತೆರೆದು ಪಂಪ್ ಹಾಕಿ, ನೆಲದಡಿ ನಿಂತಿದ್ದ ನೀರು ಮನೆಗೆ ಬರುವಾಗ ಅಳೆಯಿರಿ. ನಮ್ಮ 32 ಮಿಲಿಮೀಟರ್ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ನೀರು ಹಿಡಿಯುತ್ತದೆ, 40 ಮೀಟರಿಗೆ 20 ಲೀಟರ್. ಪೂರ್ತಿ ವೇಗದಲ್ಲಿ ಬಿಟ್ಟರೆ 40 ಸೆಕೆಂಡಿನಲ್ಲಿ ಹಾದುಹೋಗುತ್ತದೆ, ಅದಕ್ಕೇ ನಿಧಾನ. ಒಣ ಫೋಮಿನಲ್ಲಿರುವ ಪೈಪ್ ಆದರೆ 75 ಡಿಗ್ರಿ ನೀರು ಗಂಟೆಯಲ್ಲಿ 60ರ ಆಸುಪಾಸಿಗೆ ಇಳಿದಿರುತ್ತದೆ. ಒದ್ದೆ ಪೈಪ್ ಆದರೆ ಉಗುರುಬೆಚ್ಚಗಿನ ನೀರು ಬರುತ್ತದೆ. ಅಂಕಿ ಓದುವುದೇ ಬೇಕಾಗಿಲ್ಲ, ಪೈಪ್ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ.

ಹೊಸದಾಗಿ ಹಾಕುವವರಿಗೆ ನಾನು ಹೇಳುವುದು, ಪೈಪಿಗೂ ಹೊರಗಿನ ಪ್ಲಾಸ್ಟಿಕ್ ಕವಚಕ್ಕೂ ಫೋಮ್ ಅಂಟಿಕೊಂಡೇ ಬರುವ ಜಾತಿಯದನ್ನು ತಗೊಳ್ಳಿ. ಎಲ್ಲೋ ಒಂದು ಕಡೆ ತೂತಾದರೂ ನೀರು ಉದ್ದಕ್ಕೂ ಹರಿಯಲು ಅದರಲ್ಲಿ ಸಂದಿಯಿಲ್ಲ. ಟ್ರೆಂಚಿನಲ್ಲೇ ಫೋಮ್ ಸಿಂಪಡಿಸುವುದೂ ಒಳ್ಳೆಯದೇ, ಗೂಡು ಮುಚ್ಚಿದ ಜಾತಿಯ ಫೋಮ್ ಆಗಿರಬೇಕು. ಪೈಪುಗಳನ್ನು ನೆಲದಿಂದ ಎತ್ತಿ, ಒಂದಕ್ಕೊಂದು ತಾಗದಂತೆ ತುಂಡುಗಳ ಮೇಲೆ ನಿಲ್ಲಿಸಬೇಕು. ಮಣ್ಣಿನ ಮೇಲೆ ಮಲಗಿಸಿ ಸಿಂಪಡಿಸಿದರೆ ಅಡಿಭಾಗ ಬೆತ್ತಲೆ ಉಳಿಯುತ್ತದೆ. ಫೋಮ್ ದಪ್ಪ ಮಾಡುತ್ತಾ ಹೋದರೆ ಲಾಭವೂ ಹಾಗೇ ಏರುತ್ತದೆ ಎಂದುಕೊಳ್ಳಬೇಡಿ. ಇದೇ ಪೈಪಿಗೆ 25 ಮಿಲಿಮೀಟರ್ ಫೋಮನ್ನು 50 ಮಾಡಿದರೆ ಸೋರಿಕೆ ಅರ್ಧವಾಗುವುದಿಲ್ಲ, ಮೂರನೇ ಒಂದು ಪಾಲು ಇಳಿಯುತ್ತದೆ. ಆ ಎರಡನೇ ಪದರದ ಹಣವನ್ನು ಕೊನೆಗಳನ್ನು ಮುಚ್ಚುವುದಕ್ಕೆ, ಟ್ರೆಂಚಿನ ನೀರು ಹರಿದುಹೋಗುವ ದಾರಿಗೆ ಮೊದಲು ಖರ್ಚು ಮಾಡಿ. ಎರಡೂ ತುದಿಗೆ ರಬ್ಬರ್ ಟೋಪಿ ಬೇಕೇ ಬೇಕು. ಬಾಯ್ಲರ್ ಕಡೆಯ ತುದಿ ತೆರೆದಿದ್ದು ಮಳೆನೀರು ಇಳಿದ ಪೈಪುಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಶಾಖ ಸೋರುವ ಪೈಪ್ ಬಾಯ್ಲರನ್ನೂ ಕೆಡಿಸುತ್ತದೆ. ವಾಪಸ್ ಬರುವ ನೀರು 60 ಡಿಗ್ರಿಗಿಂತ ಕೆಳಗಿಳಿಯುತ್ತಾ ಹೋದರೆ ಬೆಂಕಿಗೂಡಿನ ಗೋಡೆ ತಂಪಾಗಿ, ಹೊಗೆಯಲ್ಲಿನ ಆವಿ ಅಲ್ಲೇ ನೀರಾಗಿ ಕೂರುತ್ತದೆ. ಜೊತೆಗೆ ಜಿಗುಟು ಡಾಂಬರು. ಕಬ್ಬಿಣ ತಿಂದುಹೋಗುತ್ತದೆ.

ಬೇಸಿಗೆಯಲ್ಲಿ ಬರೀ ಸ್ನಾನದ ನೀರಿಗೆ ಬಾಯ್ಲರ್ ಉರಿಸುವವರು ಒಮ್ಮೆ ಲೆಕ್ಕ ಹಾಕಿ ನೋಡಿ. ಚೆನ್ನಾಗಿರುವ ಪೈಪೂ ದಿನವಿಡೀ ಅರ್ಧದಿಂದ ಒಂದು ಕಿಲೋವ್ಯಾಟ್ ಕಳೆಯುತ್ತದೆ. ಬಳಸುವ ಬಿಸಿನೀರಿಗಿಂತ ಪೈಪಿನ ಖರ್ಚೇ ಜಾಸ್ತಿಯಾಗಬಹುದು. ಆಗ ಬಾಯ್ಲರ್ ಆರಿಸಿ ಬೇರೆ ದಾರಿ ನೋಡುವುದು ಮೇಲು.

ಆ ಮನೆಗೆ ಹಿಮ ಕರಗಿದ ಮೇಲೆ ಪೈಪ್ ಬದಲಿಸಿದೆವು. ಬಾಯ್ಲರ್ ಅದೇ, ಪಂಪ್ ಅದೇ. ಮುಂದಿನ ಚಳಿಗಾಲ ಅದೇ ಪ್ರೋಬ್ ಹಿಡಿದು ಹೋದೆ. ಎರಡೂ ಪೈಪ್ ಸೇರಿ ಅರ್ಧ ಡಿಗ್ರಿಯೂ ಇಳಿದಿರಲಿಲ್ಲ. ಅಂಗಳದ ಹಿಮ ಒಂದೇ ಸಮ ಬಿದ್ದಿತ್ತು, ಟ್ರೆಂಚ್ ಎಲ್ಲಿದೆ ಎಂದು ನನಗೇ ಗೊತ್ತಾಗಲಿಲ್ಲ. ಅದಕ್ಕೇ ಮಣ್ಣು ಮುಚ್ಚುವ ಮುಂಚೆ ಪೈಪಿನ ಪಕ್ಕ ಟೇಪ್ ಹಿಡಿದು ಫೋಟೊ ತೆಗೆದಿಡಿ. ಒಂದೊಂದು ಜಾಯಿಂಟೂ ಮನೆ ಗೋಡೆಯಿಂದ ಎಷ್ಟು ಮೀಟರ್ ದೂರ ಎಂದು ಬರೆದು ಬಾಯ್ಲರ್ ಬಾಗಿಲಿನ ಒಳಬದಿಗೆ ಅಂಟಿಸಿ.