ಅಕಾಲ ಮಳೆ, ಕಾಂಗ್ರೆಸ್ ಗಿಡ, ಬಿಡದ ಸೀನು

ಕೋಲಾರದ ಕಡೆ ಸಂಕ್ರಾಂತಿ ಹೊತ್ತಿಗೆ ಯಾರಿಗಾದರೂ ಸೀನು ಹತ್ತಿಕೊಂಡರೆ ಮೊದಲ ದೂರು ಮಾವಿನ ಹೂವಿನ ಮೇಲೆ. ಅದು ಬಿಟ್ಟರೆ ನೀಲಗಿರಿ ತೋಪಿನ ಮೇಲೆ. ಪಾಪ, ಎರಡರದ್ದೂ ಅಂಥ ದೊಡ್ಡ ತಪ್ಪೇನಿಲ್ಲ. ಮಾವಿನ ಪರಾಗ ಅಂಟಂಟು, ಅದನ್ನು ಹೊತ್ತು ತಿರುಗುವುದು ನೊಣ, ಜೇನು. ಗಾಳಿಯಲ್ಲಿ ದೂರ ಹೋಗುವುದು ಕಮ್ಮಿ. ನೀಲಗಿರಿಯದೂ ಹೆಚ್ಚುಕಮ್ಮಿ ಇದೇ ಕಥೆ.

ನಾನಾದರೆ ಮೊದಲು ನೋಡುವುದು ಕಾಂಗ್ರೆಸ್ ಗಿಡದ ಕಡೆಗೆ. ಪಾರ್ಥೇನಿಯಂ ಅಂತಲೂ ಕರೆಯುತ್ತೇವಲ್ಲ, ಅದೇ. ಮಾಲೂರು, ನರಸಾಪುರದ ಕಡೆ ಸೈಟು ಮಾಡಿ ಕಲ್ಲು ನೆಟ್ಟು ಬಿಟ್ಟ ಬೀಳು ಜಮೀನು ನೋಡಿ. ಸೊಂಟದೆತ್ತರ ನಿಂತಿರುತ್ತದೆ. ಹೂ ಹತ್ತಿರದಿಂದ ನೋಡಿದರೆ ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ, ಬಿಳೀ ಬಣ್ಣ, ಐದು ಮೂಲೆ. ಒಂದು ಗಿಡ 15,000ಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡ ಈಗ ಎಲ್ಲೆಲ್ಲೂ ಇದೆ.

ಇದರ ಪರಾಗ ಮೂಗಿನೊಳಗೆ ಹೋದಾಗ ಕೆಲವರ ದೇಹ ಅದನ್ನು ಶತ್ರು ಅಂತ ತಿಳಿಯುತ್ತದೆ. ಐಜಿಇ ಅನ್ನುವ ಪ್ರತಿಕಾಯ ತಯಾರಾಗಿ ಮಾಸ್ಟ್ ಅನ್ನುವ ರಕ್ಷಣಾ ಕೋಶಗಳ ಮೇಲೆ ಕೂತು ಕಾಯುತ್ತದೆ. ಮುಂದಿನ ಸಲ ಪರಾಗ ಬಂದ ಕೂಡಲೇ ಆ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಸುರಿಯುತ್ತವೆ. ಸೀನು, ಕಣ್ಣುರಿ, ಮೂಗಿನಲ್ಲಿ ನೀರು. ಜ್ವರ ಮಾತ್ರ ಇರುವುದಿಲ್ಲ. ಉಬ್ಬಸ ಇರುವವರಿಗೆ ಎದೆಯೂ ಬಿಗಿಯುತ್ತದೆ.

ಇದರಲ್ಲಿ ಹವಾಮಾನ ಬದಲಾವಣೆಯ ಪಾತ್ರ ಏನು? ಉತ್ತರ ಅಮೆರಿಕದಲ್ಲಿ 1990ರಿಂದ 2018ರವರೆಗಿನ ಲೆಕ್ಕ ನೋಡಿದಾಗ ಪರಾಗದ ಕಾಲ ಸುಮಾರು 20 ದಿನ ಮೊದಲೇ ಶುರುವಾಗುತ್ತಿತ್ತು. ಪರಾಗವೂ ಸುಮಾರು ಶೇ. 21ರಷ್ಟು ಜಾಸ್ತಿಯಾಗಿತ್ತು. ಅಲ್ಲಿ ಚಳಿ ಬೇಗ ಮುಗಿಯುತ್ತಿರುವುದೇ ಮುಖ್ಯ ಕಾರಣ. ನಮ್ಮಲ್ಲಿ ಅಂಥ ಚಳಿಗಾಲ ಎಲ್ಲಿದೆ? ಇಲ್ಲಿ ಕಳೆ ಏಳಿಸುವುದು ಮಳೆ. ಒಂದು ಹದ ಮಳೆ ಬಿದ್ದರೆ ಕಾಂಗ್ರೆಸ್ ಗಿಡ ಮೊಳೆಯುತ್ತದೆ, ತಿಂಗಳೊಳಗೆ ಹೂ ಬಿಡುತ್ತದೆ. ಅದಕ್ಕೆ ಪಂಚಾಂಗ ಬೇಕಿಲ್ಲ.

2021ರ ನವೆಂಬರ್ ನೆನಪಿದೆಯಲ್ವಾ? ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆನೆದು ಮೊಳಕೆ ಬಂತು. ರಾಗಿಗೆ ಶಾಪವಾದ ಇಂಥ ಮಳೆ ಈ ಕಳೆಗೆ ಹಬ್ಬ. ಹವೆ ಬಿಸಿಯಾದಷ್ಟೂ ಅದು ಹಿಡಿದಿಡುವ ತೇವ ಹೆಚ್ಚು, ಹಾಗಾಗಿ ಸುರಿದರೆ ಒಂದೇ ಸಲ ಧೋ ಅಂತ ಸುರಿಯುವುದೂ ಹೆಚ್ಚು. ಅಕಾಲ ಮಳೆ ಬಿದ್ದಾಗೆಲ್ಲ ಸೀನಿನ ಕಾಲವೂ ಇನ್ನೊಂದು ಸಲ ಬಂದ ಹಾಗೆ.

ಇನ್ನೊಂದು ತೊಡಕಿದೆ. ಈ ಗಿಡ ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಒಂದು ದುಂಬಿಯನ್ನು ಬಿಟ್ಟರು. ಮಳೆಗಾಲದಲ್ಲಿ ಎಲೆ ಚೆನ್ನಾಗಿಯೇ ತಿನ್ನುತ್ತದೆ. ಆದರೆ ಮಳೆಗಾಲ ಮುಗಿದ ಮೇಲೆ ಮಣ್ಣಿನೊಳಗೆ ಸೇರಿ ಮಲಗುತ್ತದೆ. ಆಗ ಎದ್ದ ಗಿಡಕ್ಕೆ ಹೇಳೋರಿಲ್ಲ ಕೇಳೋರಿಲ್ಲ.

ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕೂಡ ಕಳೆಯ ಪರವೇ. ಕಾಂಗ್ರೆಸ್ ಗಿಡದ ಹಾಗೆ ಸೂರ್ಯಕಾಂತಿ ಕುಟುಂಬಕ್ಕೇ ಸೇರಿದ ಕಳೆ ರ‍್ಯಾಗ್‌ವೀಡ್ ಮೇಲೆ ಅಮೆರಿಕದಲ್ಲಿ ಪ್ರಯೋಗ ಮಾಡಿದ್ದಾರೆ. ಅನಿಲದ ಪ್ರಮಾಣ ಹತ್ತು ಲಕ್ಷಕ್ಕೆ 280 ಭಾಗದಿಂದ 370ಕ್ಕೆ ಏರಿದಾಗ ಗಿಡದ ಪರಾಗ ಎರಡು ಪಟ್ಟಿಗೂ ಜಾಸ್ತಿಯಾಯಿತು. ಈಗ ನಾವು 420 ದಾಟಿದ್ದೇವೆ.

ಕೀಳುವುದಾದರೆ ಹೂ ಬರುವ ಮೊದಲೇ ಕೀಳಬೇಕು. ಮಳೆ ಬಿದ್ದ ಎರಡು ಮೂರು ವಾರದೊಳಗೆ, ನೆಲ ಹಸಿ ಇರುವಾಗ, ಬೇರುಸಹಿತ. ತಡಮಾಡಿದರೆ ಪರಾಗವೆಲ್ಲ ಕೀಳುವವರ ಮುಖಕ್ಕೇ. ಕೈಗವಸು ಇಲ್ಲದೆ ಮುಟ್ಟಬೇಡಿ, ಈ ಗಿಡ ಚರ್ಮಕ್ಕೂ ತುರಿಕೆ ತರುತ್ತದೆ. ಅಲರ್ಜಿ ಇರುವವರಂತೂ ಆ ಕೆಲಸಕ್ಕೆ ಹೋಗಲೇಬಾರದು.