ಕಾಟ ಕೊಡುವವನಿಗಿಂತ ಮೊದಲು ನೋಡುತ್ತ ನಿಂತವರನ್ನು ಮಾತಾಡಿಸಿ

ಡಿಸೆಂಬರ್‌ನಲ್ಲಿ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 11 ದಾಟಿದ ಮೇಲೆ. ಮಧ್ಯಾಹ್ನ ಮೂರೂವರೆಗೆಲ್ಲ ಮುಳುಗಿಯೂ ಆಯಿತು. ಶಾಲೆ ಮಾತ್ರ ಎಂಟೂವರೆ ಹೊತ್ತಿಗೇ ಶುರು, ಹಾಗಾಗಿ ಬೆಳಗಿನ ಆಟದ ಬಿಡುವು ಪೂರ್ತಿ ಕತ್ತಲಲ್ಲೇ. ಹಿಮ ಬೀಳಲಿ, ಮಳೆ ಹೊಡೆಯಲಿ, ಬಿರುಗಾಳಿಯ ಎಚ್ಚರಿಕೆ ಬಾರದ ಹೊರತು ಮಕ್ಕಳು ಹೊರಗೆ ಹೋಗಲೇಬೇಕು. ಎಲ್ಲರ ಮೈಮೇಲೂ ಕುತ್ತಿಗೆಯಿಂದ ಕಾಲಿನವರೆಗೆ ಮುಚ್ಚುವ ದಪ್ಪ ಉಡುಪು, ತಲೆಗೆ ಉಣ್ಣೆ ಟೋಪಿ, ಕೈಗೆ ಗ್ಲೌಸು, ತೋಳಿನ ಮೇಲೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ. ದೀಪದ ಕಂಬದ ಕೆಳಗೆ ಹಳದಿ ಜಾಕೆಟ್ ಹಾಕಿ ನಿಂತ ಸಿಬ್ಬಂದಿಗೆ ಯಾವ ಮಗು ಯಾರದ್ದು ಅಂತ ಗುರುತು ಹಿಡಿಯುವುದೇ ಕಷ್ಟ. ಅಲ್ಲಿ ಒಬ್ಬ ಇನ್ನೊಬ್ಬನನ್ನು ಹಿಮದೊಳಗೆ ತಳ್ಳಿದರೆ ಅದು ಆಟವೋ ಕಾಟವೋ ಅಂತ ಹೇಳುವುದು ಇನ್ನೂ ಕಷ್ಟ.

ನಾನು ಇಲ್ಲಿ ಶಾಲೆಗಳ ಜೊತೆ ಕೆಲಸ ಮಾಡುವ ಮಕ್ಕಳ ಮನಶ್ಶಾಸ್ತ್ರಜ್ಞೆ. ಐಸ್‌ಲ್ಯಾಂಡ್ ಅಂದರೆ ನೆಮ್ಮದಿಯ ದೇಶ, ಅಲ್ಲಿ ಇಂಥದ್ದೆಲ್ಲ ಇರುತ್ತಾ ಅಂತ ಊರಿನಿಂದ ಕೇಳುತ್ತಾರೆ. ಇರುತ್ತೆ. ಮಕ್ಕಳು ಗುಂಪಾಗಿ ಸೇರುವ ಕಡೆಯಲ್ಲೆಲ್ಲ ಇರುತ್ತೆ. ಇಲ್ಲಿನ ವಿಶೇಷ ಅಂದರೆ ಗುಂಪು ತೀರಾ ಸಣ್ಣದು. ಇಡೀ ದೇಶದಲ್ಲಿ ನಾಲ್ಕು ಲಕ್ಷ ಜನ ಇಲ್ಲ, ಮೈಸೂರು ನಗರದ ಅರ್ಧಕ್ಕೂ ಕಡಿಮೆ. ಕಡ್ಡಾಯ ಶಾಲೆ 6ನೇ ವಯಸ್ಸಿನಿಂದ 16ರವರೆಗೆ, ಹತ್ತು ತರಗತಿ. ಬಹಳ ಕಡೆ ಅದೇ ಇಪ್ಪತ್ತು ಮಕ್ಕಳು ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಒಟ್ಟಿಗೇ ಹೋಗುತ್ತಾರೆ. ಎರಡನೇ ಕ್ಲಾಸಿನಲ್ಲಿ ಯಾರೋ ಇಟ್ಟ ಅಡ್ಡಹೆಸರು ಎಂಟನೇ ಕ್ಲಾಸಿನಲ್ಲೂ ಬೆನ್ನು ಬಿಡುವುದಿಲ್ಲ. ಪಶ್ಚಿಮದಲ್ಲಿ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಫ್ಯೋರ್ಡ್‌ಗಳ ಕಡೆಯ ಹಳ್ಳಿಗಳಲ್ಲಂತೂ ಕಾಟ ಕೊಡುವ ಹುಡುಗನ ಅಮ್ಮ ಅಂಗಡಿಯ ಕ್ಯಾಶಿಯರ್, ಅಪ್ಪ ಫುಟ್‌ಬಾಲ್ ಕೋಚ್, ಚಿಕ್ಕಮ್ಮ ಕ್ಲಾಸ್ ಟೀಚರ್ ಆಗಿರುವುದೂ ಉಂಟು. ಬೇರೆ ಶಾಲೆಗೆ ಹಾಕೋಣ ಅಂದರೆ ಬೇರೆ ಶಾಲೆ ಇರುವುದು ಬೆಟ್ಟದ ಆಚೆ.

ಒಂದು ಉದಾಹರಣೆ ಕೊಡುತ್ತೇನೆ. ಇಷ್ಟು ಸಣ್ಣ ದೇಶದಲ್ಲಿ ಒಂದೆರಡು ವಿವರ ಕೊಟ್ಟರೂ ಮಗು ಯಾರದ್ದು ಅಂತ ಗೊತ್ತಾಗಿಬಿಡುತ್ತದೆ, ಅದರಲ್ಲೂ ನಮ್ಮ ಕಡೆಯವರಾದರೆ ಮುಗಿದೇ ಹೋಯಿತು. ಹಾಗಾಗಿ ಈ ಹುಡುಗ ಹಲವು ಮಕ್ಕಳನ್ನು ಸೇರಿಸಿ ಮಾಡಿದವನು. ನಾಲ್ಕನೇ ಕ್ಲಾಸು. ಅಪ್ಪ ಅಮ್ಮ ಭಾರತದಿಂದ ಬಂದವರು.

ಶಾಲೆಯಿಂದ ಬಂದ ದೂರು ಇಷ್ಟೇ: ಹುಡುಗ ತುಂಬಾ ನಿಧಾನ. ಪ್ರತಿ ಬಿಡುವಿನಲ್ಲೂ ಹೊರಗೆ ಹೋಗುವುದು ಕೊನೆಗೆ, ಒಳಗೆ ಬರುವುದೂ ಕೊನೆಗೆ. ಪಾಠಕ್ಕೆ ತಡ. ಶಾಲೆಗಳು ಬಳಸುವ ಮೆಂಟರ್ ಆ್ಯಪ್‌ನಲ್ಲಿ ಸಾಲಾಗಿ 'ತಡ', 'ತಡ', 'ತಡ'. ಗಮನದ ತೊಂದರೆ ಇರಬಹುದಾ, ಪರೀಕ್ಷೆ ಮಾಡಬೇಕಾ ಅಂತ ನನ್ನ ಹತ್ತಿರ ಕಳಿಸಿದ್ದರು.

ಇಲ್ಲಿನ ಶಾಲೆಯಲ್ಲಿ ಬಾಗಿಲಲ್ಲೇ ಬೂಟು ಬಿಚ್ಚಬೇಕು. ಒಳಗೆಲ್ಲ ಕಾಲುಚೀಲದಲ್ಲೇ ಓಡಾಟ. ಹಾಗಾಗಿ ಹೊರಬಾಗಿಲ ಹತ್ತಿರ ಸಾಲಾಗಿ ಬೂಟಿನ ಸ್ಟ್ಯಾಂಡು, ಅದರ ಮೇಲೆ ಕೊಕ್ಕೆಗಳು, ಒಂದೊಂದು ಕೊಕ್ಕೆಯ ಮೇಲೂ ಹೆಸರಿನ ಚೀಟಿ. ಬಿಡುವಿನ ಗಂಟೆ ಹೊಡೆದಾಗ ನಾನು ಆ ಜಾಗದಲ್ಲಿ ಸುಮ್ನೆ ನಿಂತುಕೊಂಡೆ. ಎಲ್ಲರೂ ಬಂದರು, ಹಾಕಿಕೊಂಡರು, ಓಡಿದರು. ಇವನ ಒಂದು ಬೂಟು ಜಾಗದಲ್ಲಿತ್ತು, ಇನ್ನೊಂದು ಇರಲಿಲ್ಲ. ಹುಡುಗನಿಗೆ ಗಾಬರಿಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಮೊದಲು ಕಸದ ಬುಟ್ಟಿಯ ಹಿಂದೆ ನೋಡಿದ, ಆಮೇಲೆ ರೇಡಿಯೇಟರ್ ಕೆಳಗೆ, ಆಮೇಲೆ ಕಳೆದುಹೋದ ಬಟ್ಟೆ ಹಾಕುವ ಡಬ್ಬದಲ್ಲಿ ಕೈ ಆಡಿಸಿದ. ಎಲ್ಲೆಲ್ಲಿ ಹುಡುಕಬೇಕು ಅನ್ನುವ ಕ್ರಮ ಅವನಿಗೆ ಬಾಯಿಪಾಠ ಆಗಿತ್ತು. ಬೂಟಿನೊಳಗೆ ಹಿಮ ತುಂಬಿತ್ತು. ಕೊಡವಿ ಹಾಕಿಕೊಂಡ. ಅಷ್ಟರಲ್ಲಿ ಅರ್ಧ ಬಿಡುವು ಮುಗಿದಿತ್ತು.

ಗಮನದ ತೊಂದರೆ ಅವನಿಗಿರಲಿಲ್ಲ. ಈ ದೃಶ್ಯದಲ್ಲಿ ಹೊಡೆತ ಇಲ್ಲ, ಬೈಗುಳ ಇಲ್ಲ, ಗಾಯ ಇಲ್ಲ. ಒಂದು ದಿನ ಬೂಟು ಅಡಗಿಸಿದರೆ ಅದು ತಮಾಷೆಯೇ. ದಿನಾ ಒಬ್ಬನದ್ದೇ ಕಾಣೆಯಾದರೆ, ಬೇಕಂತಲೇ ಆದರೆ, ಅವನಿಗೆ ತಿರುಗಿ ಏನೂ ಮಾಡಲಾಗದಿದ್ದರೆ ಅದು ಬುಲ್ಲಿಯಿಂಗ್. ಈ ಮೂರು ಗುರುತನ್ನು ಸ್ಪಷ್ಟವಾಗಿ ಹೇಳಿದವರು ನಾರ್ವೆಯ ಬರ್ಗನ್‌ನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. 1982ರ ಕೊನೆಗೆ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ತಾವಾಗಿಯೇ ಪ್ರಾಣ ಕಳೆದುಕೊಂಡರು, ಸಹಪಾಠಿಗಳ ಕಾಟವೇ ಕಾರಣ ಇರಬೇಕು ಅಂತ ಗೊತ್ತಾದಾಗ ದೇಶವೇ ಬೆಚ್ಚಿಬಿತ್ತು. ಮರುವರ್ಷವೇ ಸರ್ಕಾರ ದೇಶವ್ಯಾಪಿ ಕಾರ್ಯಕ್ರಮ ಶುರುಮಾಡಿತು, ಅದರ ಜೊತೆಗೇ ಓಲ್ವೇಯಸ್ ಅವರ ಕೆಲಸವೂ ಬೆಳೆಯಿತು. ಐಸ್‌ಲ್ಯಾಂಡಿನ ಹಲವು ಶಾಲೆಗಳು ಅವರ ವಿಧಾನವನ್ನು 2002ರಲ್ಲಿ ತಂದುಕೊಂಡವು.

ನಮ್ಮ ಹುಡುಗನ ಮನೆಯಲ್ಲಿ ವಿಷಯ ಗೊತ್ತಾದಾಗ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಹೇಳಿದ್ದು, "ನೀನೂ ಎರಡು ಬಿಗಿ ಕಂದಾ, ಆಮೇಲೆ ಸುಮ್ಮನಾಗ್ತಾರೆ." ಅಪ್ಪ ಹೇಳಿದ್ದು, "ತಲೆ ಕೆಡಿಸ್ಕೋಬೇಡ, ಓದಿನ ಕಡೆ ನೋಡು." ಎರಡೂ ಪ್ರೀತಿಯಿಂದಲೇ ಬಂದ ಮಾತು. ಆದರೆ ಎರಡರ ಅರ್ಥವೂ ಒಂದೇ: ಇದನ್ನು ಸರಿಮಾಡಬೇಕಾದವನು ನೀನೇ. ಒಬ್ಬನ ಎದುರು ಐದು ಜನ ಇದ್ದಾಗ ಆ ಒಬ್ಬನಿಗೇ ಕೆಲಸ ಹೊರಿಸುವುದು ಯಾವ ನ್ಯಾಯ?

ಐದು ಜನ ಅಂದೆ. ಬೂಟು ಅಡಗಿಸುತ್ತಿದ್ದವನು ಒಬ್ಬನೇ. ಉಳಿದವರಲ್ಲಿ ಒಬ್ಬ ಯಾರಾದರೂ ಬರುತ್ತಾರಾ ಅಂತ ನೋಡುತ್ತಿದ್ದ, ಇಬ್ಬರು ಕಿಸಕಿಸ ನಗುತ್ತಿದ್ದರು. ಕೊನೆಯವಳಿಗೆ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವಳಂತೆ ಜಿಪ್ ಎಳೆದುಕೊಂಡು ಹೊರಗೆ ಹೋಗುತ್ತಿದ್ದಳು. ಫಿನ್‌ಲ್ಯಾಂಡಿನ ಸಂಶೋಧಕಿ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಅವರ ಜೊತೆಗಾರರು 1996ರಲ್ಲಿ ತೋರಿಸಿದ್ದು ಇದನ್ನೇ. ಇಲ್ಲಿ ಬರೀ ಕಾಟ ಕೊಡುವವನು, ಕಾಟ ತಿನ್ನುವವನು ಅಂತ ಇಬ್ಬರಿರುವುದಿಲ್ಲ. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ನೋಡದವರು, ಪರವಾಗಿ ನಿಲ್ಲುವವರು ಹೀಗೆ ಕ್ಲಾಸಿನಲ್ಲಿ ಬಹುತೇಕ ಎಲ್ಲರಿಗೂ ಒಂದೊಂದು ಪಾತ್ರ ಇರುತ್ತದೆ. ಕೆನಡಾದ ಟೊರೊಂಟೊದಲ್ಲಿ ಶಾಲೆಯ ಆಟದ ಮೈದಾನದಲ್ಲಿ ಮಕ್ಕಳನ್ನು ವಿಡಿಯೋ ಮಾಡಿ ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಹತ್ತಿರದ ಮಗುವೊಂದು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತಿತ್ತು. ಹತ್ತು ಸೆಕೆಂಡು! ನಮ್ಮ ಮೀಟಿಂಗಿನಲ್ಲಿ ಕಾಫಿ ಬಗ್ಗಿಸಿಕೊಳ್ಳಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹಾಗಾಗಿ ನಾನು ಶಾಲೆಗಳಿಗೆ ಹೇಳುವುದು ಒಂದೇ. ಕಾಟ ಕೊಟ್ಟವನನ್ನೂ ಕಾಟ ತಿಂದವನನ್ನೂ ಒಂದೇ ಕೋಣೆಯಲ್ಲಿ ಕೂರಿಸಿ "ಸಾರಿ ಹೇಳು, ಕೈ ಕುಲುಕು" ಅನ್ನಬೇಡಿ. ಜಗಳ ಆಡಿದ ಇಬ್ಬರು ಸಮಾನರಿಗೆ ಅದು ಸರಿ. ಇಲ್ಲಿ ಇಬ್ಬರೂ ಸಮಾನರಲ್ಲ. ಕೈ ಕುಲುಕುವ ಆ ಕ್ಷಣದಲ್ಲೂ ಒಂದು ಮಗು ಹೆದರಿಕೊಂಡೇ ಇರುತ್ತದೆ, ಹೊರಗೆ ಹೋದ ಮೇಲೆ ಏನಾಗುತ್ತದೆ ಅಂತ ಅದಕ್ಕೆ ಗೊತ್ತು. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕರೆದು ಮಾತಾಡಿ. ಒಂದಾದ ಮೇಲೆ ಒಂದು, ನಡುವೆ ಅವರವರು ಮಾತಾಡಿಕೊಂಡು ಕಥೆ ಹೊಂದಿಸಿಕೊಳ್ಳಲು ಬಿಡದೆ. ನಕ್ಕವರನ್ನೂ ಕರೆಯಿರಿ, ಜಿಪ್ ಎಳೆದುಕೊಂಡು ಹೋದವಳನ್ನೂ ಕರೆಯಿರಿ, ಆದರೆ ಅವಳನ್ನು ಬೈಯಲಿಕ್ಕಲ್ಲ. ಅವಳಿಗೆ ಒಂದು ಸಣ್ಣ ಕೆಲಸ ಕೊಡಿ. ನಮ್ಮ ಹುಡುಗನ ಕ್ಲಾಸಿನಲ್ಲಿ ಆ ಹುಡುಗಿಗೆ ಟೀಚರ್ ಹೇಳಿದ್ದು ಇಷ್ಟೇ: ನಾಳೆಯಿಂದ ನೀನು ಬೂಟು ಹಾಕಿಕೊಂಡ ಮೇಲೆ ಅವನದ್ದೂ ಆಗುವ ತನಕ ಅಲ್ಲೇ ನಿಲ್ಲು. ಮಾತಾಡಬೇಕಾಗಿಲ್ಲ, ಜಗಳಕ್ಕೆ ಹೋಗಬೇಕಾಗಿಲ್ಲ. ಜೊತೆಗೆ ಒಬ್ಬ ಸಿಬ್ಬಂದಿಯ ನಿಲ್ಲುವ ಜಾಗವನ್ನು ದೀಪದ ಕಂಬದಿಂದ ಬೂಟಿನ ಸ್ಟ್ಯಾಂಡಿನ ಹತ್ತಿರಕ್ಕೆ ಬದಲಾಯಿಸಿದರು. ಬೂಟು ಕಾಣೆಯಾಗುವುದು ನಿಂತಿತು. ಎಲ್ಲವೂ ನಿಂತಿತು ಅಂತಲ್ಲ, ಕೆಲವು ವಾರ ಹೆಸರಿಟ್ಟು ಕರೆಯುವುದು ನಡೆದೇ ಇತ್ತು, ಅದಕ್ಕೆ ಇನ್ನಷ್ಟು ಮಾತುಕತೆ ಬೇಕಾಯಿತು.

ನವೆಂಬರ್ 8ನೇ ತಾರೀಕು ಇಲ್ಲಿ ಬುಲ್ಲಿಯಿಂಗ್ ವಿರೋಧಿ ದಿನ. ಮಕ್ಕಳು ಹಾಡುತ್ತಾರೆ, ಸಾಲಾಗಿ ನಡೆಯುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಬೇಡ ಅನ್ನುವುದಿಲ್ಲ. ಆದರೆ 9ನೇ ತಾರೀಕು ಬೂಟಿನ ಸ್ಟ್ಯಾಂಡಿನ ಹತ್ತಿರ ಯಾರು ನಿಂತಿರುತ್ತಾರೆ ಅನ್ನುವುದು ನನಗೆ ಮುಖ್ಯ. ಸಣ್ಣ ಮಕ್ಕಳಿಗೆ ಡೆನ್ಮಾರ್ಕ್‌ನಿಂದ ಬಂದ ಒಂದು ಕಾರ್ಯಕ್ರಮ ಇದೆ, ಬ್ಲೈರ್ ಅನ್ನುವ ನೇರಳೆ ಬಣ್ಣದ ಕರಡಿ ಗೊಂಬೆ. ಬೇಜಾರಾದ ಗೆಳೆಯನ ಹತ್ತಿರ ಅದನ್ನು ಒಯ್ದು ಕೊಡುವುದನ್ನು ಮಕ್ಕಳು ಕಲಿಯುತ್ತಾರೆ. ಪೋಸ್ಟರ್‌ಗಳಿಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಅಲ್ಲಿ ಮಗುವಿಗೆ ಮಾಡಲು ಏನೋ ಒಂದು ಕೆಲಸ ಇದೆ.

ಹೊಸದಾಗಿ ಬಂದ ಕುಟುಂಬಗಳಿಗೆ ಎಡವುವ ಜಾಗ ಇನ್ನೂ ಕೆಲವಿವೆ. ಒಂದು ಈಜು. ಶಾಲೆಯಲ್ಲಿ ಈಜು ಕಡ್ಡಾಯ, ನೀರಿಗಿಳಿಯುವ ಮೊದಲು ಬಟ್ಟೆ ಪೂರ್ತಿ ಬಿಚ್ಚಿ ಸೋಪು ಹಾಕಿ ತೊಳೆದುಕೊಳ್ಳುವುದೂ ಕಡ್ಡಾಯ. ಎಲ್ಲೆಲ್ಲಿ ತೊಳೆಯಬೇಕು ಅಂತ ಚಿತ್ರ ಬರೆದು ಗೋಡೆಗೆ ಹಾಕಿರುತ್ತಾರೆ. ಇಲ್ಲಿನ ಮಕ್ಕಳಿಗೆ ಅದು ಹುಟ್ಟಿನಿಂದಲೇ ರೂಢಿ, ಯಾರೂ ಯಾರನ್ನೂ ನೋಡುವುದಿಲ್ಲ. ನಮ್ಮ ಮಗು ಮೂಲೆಯಲ್ಲಿ ಟವೆಲ್ ಬಿಗಿಹಿಡಿದು ನಿಂತರೆ ಆಗ ಎಲ್ಲರೂ ನೋಡುತ್ತಾರೆ, ಅಲ್ಲಿಂದ ಶುರುವಾಗುತ್ತದೆ. ಮೊದಲೇ ವಾರಾಂತ್ಯದಲ್ಲಿ ಮನೆಯವರ ಜೊತೆ ಈಜುಕೊಳಕ್ಕೆ ಹೋಗಿ ಅಭ್ಯಾಸ ಮಾಡಿಸಿ, ಅದಕ್ಕೂ ಮಗು ಒಪ್ಪದಿದ್ದರೆ ಟೀಚರ್‌ಗೆ ಹೇಳಿ. ಈಗ ಹಲವು ಕಡೆ ಮರೆ ಇರುವ ಕೋಣೆಗಳಿವೆ.

ಇನ್ನೊಂದು ಕಿಟಕಿಯ ಮೇಲಿನ ಶೂ. ಡಿಸೆಂಬರ್ 12ರಿಂದ ಕ್ರಿಸ್‌ಮಸ್‌ವರೆಗೆ ಹದಿಮೂರು ತುಂಟ ಅಣ್ಣತಮ್ಮಂದಿರು ದಿನಕ್ಕೊಬ್ಬರಂತೆ ಬೆಟ್ಟದಿಂದ ಇಳಿದು ಬಂದು, ಮಕ್ಕಳು ಕಿಟಕಿಯಲ್ಲಿಟ್ಟ ಶೂನಲ್ಲಿ ಏನಾದರೂ ಇಟ್ಟು ಹೋಗುತ್ತಾರೆ ಅನ್ನುವುದು ಇಲ್ಲಿನ ನಂಬಿಕೆ. ಹಟ ಮಾಡಿದ ಮಗುವಿಗೆ ಆಲೂಗಡ್ಡೆ. ಬೆಳಗ್ಗೆ ಕ್ಲಾಸಿನಲ್ಲಿ ಮೊದಲ ಪ್ರಶ್ನೆಯೇ "ನಿಂಗೇನು ಸಿಕ್ತು?" ಈ ಪದ್ಧತಿಯೇ ಗೊತ್ತಿಲ್ಲದ ಮನೆಯ ಮಗು "ನಮ್ಮನೆಗೆ ಬರಲೇ ಇಲ್ಲ" ಅಂದರೆ, ಆರು ವರ್ಷದವರ ತರ್ಕ ಸರಳ: ನೀನು ಕೆಟ್ಟವನು, ಅದಕ್ಕೇ ಬರಲಿಲ್ಲ. ಒಂದು ಕಿತ್ತಳೆಹಣ್ಣು ಇಟ್ಟರೂ ಸಾಕು. ದುಬಾರಿ ಉಡುಗೊರೆ ಇಡುವ ಮನೆಯವರಿಗೂ ನಾನು ಅದನ್ನೇ ಹೇಳುತ್ತೇನೆ, ಕೇಳುವವರು ಕಡಿಮೆ.

ಹುಟ್ಟುಹಬ್ಬದ ಕರೆಯೋಲೆ ಇನ್ನೊಂದು ತಲೆನೋವು, ಕೆಲವರಿಗೆ ಸಿಗುತ್ತದೆ, ಕೆಲವರು ಹೊರಗೆ ಉಳಿಯುತ್ತಾರೆ. ಇದಕ್ಕೆ ಇಲ್ಲಿ ಒಳ್ಳೆಯ ಉಪಾಯ ಇದೆ. ಹಲವು ಕ್ಲಾಸುಗಳಲ್ಲಿ ಪೋಷಕರೇ ಮಕ್ಕಳನ್ನು ನಾಲ್ಕೈದರ ಗುಂಪು ಮಾಡಿ, ಪಾಳಿಯಲ್ಲಿ ಒಬ್ಬೊಬ್ಬರ ಮನೆಗೆ ಕಳಿಸುತ್ತಾರೆ, ಸ್ವಲ್ಪ ತಿಂಗಳಾದ ಮೇಲೆ ಗುಂಪು ಬದಲಿಸುತ್ತಾರೆ. ಯಾರೂ ಹೊರಗೆ ಉಳಿಯುವುದಿಲ್ಲ. ನಿಮ್ಮ ಮನೆಯ ಪಾಳಿ ಬಂದಾಗ ಚಿತ್ರಾನ್ನ ಮಾಡಬೇಕಾ ಪಿಜ್ಜಾ ತರಬೇಕಾ ಅಂತ ಚಿಂತೆ ಬೇಡ, ನನಗೆ ಗೊತ್ತಿರುವ ಒಂದು ಗುಂಪು ಪೂರಿಗಾಗಿಯೇ ಪಾಳಿ ಎಣಿಸುತ್ತಿತ್ತು.

ಕಾನೂನಿನ ಪ್ರಕಾರ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ 12 ವರ್ಷದವರೆಗಿನ ಮಕ್ಕಳು ರಾತ್ರಿ 8ರ ಮೇಲೆ ದೊಡ್ಡವರಿಲ್ಲದೆ ಹೊರಗೆ ಓಡಾಡುವಂತಿಲ್ಲ. ಒಳ್ಳೆಯ ನಿಯಮ. ಆದರೆ ಎಂಟರ ಮೇಲೆ ಗುಂಪು ಫೋನಿನಲ್ಲಿ ಸೇರುತ್ತದೆ. ಒಂದು ಮಗುವನ್ನು ಬಿಟ್ಟು ಉಳಿದ ಹತ್ತೊಂಬತ್ತು ಮಕ್ಕಳಿರುವ ಚಾಟ್ ಗುಂಪು ನಾನು ನೋಡುವ ಕಾಟಗಳಲ್ಲಿ ತೀರಾ ಸಾಮಾನ್ಯ. ನಿಮ್ಮ ಮಗು ಆ ಹತ್ತೊಂಬತ್ತರಲ್ಲಿ ಇದ್ದರೂ ನೀವು ಕೇಳಬೇಕಾದ ಪ್ರಶ್ನೆ ಇದೆ: ಈ ಗುಂಪಿನಲ್ಲಿ ಯಾರಿಲ್ಲ?

ಕೊನೆಗೆ, ಶಾಲೆಗೆ ಹೇಳುವುದು ಹೇಗೆ? ನಮ್ಮವರಿಗೆ ಟೀಚರ್‌ಗೆ ದೂರು ಬರೆಯಲು ಸಂಕೋಚ. ಇಲ್ಲಿ ಮಕ್ಕಳು ಹೆಡ್‌ಮಾಸ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನೇರವಾಗಿ ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪ್ರತಿ ಶಾಲೆಗೂ ಬುಲ್ಲಿಯಿಂಗ್ ತಡೆಯುವ ಲಿಖಿತ ಯೋಜನೆ ಇರಲೇಬೇಕು ಅಂತ 2011ರ ನಿಯಮ ಹೇಳುತ್ತದೆ, ಅದನ್ನು ಕೇಳಿ ಪಡೆಯಿರಿ. "ನನ್ನ ಮಗುವಿಗೆ ಎಲ್ಲರೂ ಕಾಟ ಕೊಡುತ್ತಾರೆ" ಅಂತ ಬರೆದರೆ ಟೀಚರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಯಾವ ದಿನ, ಯಾವ ಜಾಗ, ಏನಾಯಿತು, ಸುತ್ತ ಯಾರಿದ್ದರು, ಇಷ್ಟು ಬರೆಯಿರಿ. ಭಾಷೆ ತೊಡಕಾದರೆ ದುಭಾಷಿ ಬೇಕು ಅಂತ ಕೇಳಿ. ಶಾಲೆಯಲ್ಲಿ ಬಗೆಹರಿಯದಿದ್ದರೆ ಸರ್ಕಾರದ ಬುಲ್ಲಿಯಿಂಗ್ ತಜ್ಞರ ಮಂಡಳಿಗೆ ಪೋಷಕರೇ ಅರ್ಜಿ ಹಾಕಬಹುದು. ಮಗು ತೀರಾ ಕುಗ್ಗಿದೆ, ಸಾಯುವ ಮಾತಾಡುತ್ತಿದೆ ಅಂದರೆ ಕಾಯಬೇಡಿ, ರೆಡ್ ಕ್ರಾಸ್‌ನ 1717ಕ್ಕೆ ಫೋನ್ ಮಾಡಿ, ತುರ್ತಾದರೆ 112.

ಆ ಇನ್ನೊಂದು ಮಗುವಿನ ಅಪ್ಪ ಅಮ್ಮನಿಗೆ ಮಾತ್ರ ಸಿಟ್ಟಿನಲ್ಲಿ ನೀವೇ ಫೋನ್ ಮಾಡಬೇಡಿ. ಆ ಕೆಲಸ ಶಾಲೆಗೆ ಬಿಡಿ. ಶನಿವಾರ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಅವರು ಹೇಗೂ ನಿಮ್ಮ ಎದುರಿಗೇ ಕೂತಿರುತ್ತಾರೆ. ಈ ಸಲ ಗಾಳಿ ಜಾಸ್ತಿ ಅಲ್ವಾ ಅಂತ ಮಾತಾಡಿ ಬನ್ನಿ.