ಓದುಗರ ಪ್ರಶ್ನೆ: ಅಂಗಡಿಯ ಸ್ವಂತ ಬ್ರ್ಯಾಂಡ್ ಕೊಂಡರೆ ಕಳೆದುಕೊಳ್ಳುವುದೇನು?

ಪ್ರಶ್ನೆ: ತಿಂಗಳ ದಿನಸಿಯ ಖರ್ಚು ಕೈಮೀರುತ್ತಿದೆ. ನಾವು ಸಾಮಾನು ತರುವ ಸೂಪರ್‌ಮಾರ್ಕೆಟ್ಟಿನಲ್ಲಿ ಅದರದೇ ಹೆಸರಿನ ಪೊಟ್ಟಣಗಳು ಹೆಸರುವಾಸಿ ಬ್ರ್ಯಾಂಡುಗಳಿಗಿಂತ ಸಾಕಷ್ಟು ಅಗ್ಗವಾಗಿ ಸಿಗುತ್ತವೆ. ಬೆಲೆ ಕಡಿಮೆ ಎಂದರೆ ಗುಣಮಟ್ಟವೂ ಕಡಿಮೆ ಎಂದು ತಿಳಿಯಬೇಕೇ? ಯಾವುದನ್ನು ಧೈರ್ಯವಾಗಿ ಬದಲಿಸಬಹುದು, ಯಾವುದನ್ನು ಬದಲಿಸಬಾರದು?

ಉತ್ತರ: ಬೆಲೆ ಇಳಿದಿದೆ ಎಂದಮಾತ್ರಕ್ಕೆ ಗುಣವೂ ಇಳಿದಿರಬೇಕಿಲ್ಲ, ಆದರೆ ಕೆಲವು ಪದಾರ್ಥಗಳಲ್ಲಿ ಬೆಲೆ ಇಳಿದಿರುವುದೇ ಗುಣ ಇಳಿದಿರುವುದರಿಂದ. ಹಾಗಾಗಿ ಇಡೀ ಅಂಗಡಿಗೆ ಅನ್ವಯಿಸುವ ಒಂದೇ ಉತ್ತರವಿಲ್ಲ, ಕಪಾಟಿನಿಂದ ಕಪಾಟಿಗೆ ಅದು ಬದಲಾಗುತ್ತದೆ. ಒಂದೇ ಪದಾರ್ಥವಿರುವ ಪೊಟ್ಟಣವನ್ನು ಹೆಚ್ಚು ಯೋಚಿಸದೆ ಬದಲಿಸಬಹುದು, ಹಲವು ಪದಾರ್ಥ ಬೆರೆಸಿ ಮಾಡಿದ್ದನ್ನು ಹಿಂಬದಿಯ ಸಣ್ಣ ಅಕ್ಷರ ಓದಿದ ಮೇಲೆ ಬದಲಿಸಬೇಕು, ನಾಲಿಗೆಗೆ ನಿಜವಾಗಿಯೂ ವ್ಯತ್ಯಾಸ ತಿಳಿಯುವ ಒಂದೆರಡು ವಸ್ತುಗಳ ಮಟ್ಟಿಗೆ ಹಳೆಯ ಬ್ರ್ಯಾಂಡನ್ನೇ ಉಳಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಬೆಲೆಯಲ್ಲಿ ಅಷ್ಟು ಅಂತರ ಹೇಗೆ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ದೊಡ್ಡ ಹೆಸರಿನ ಕಂಪನಿಯೊಂದು ತನ್ನ ಪೊಟ್ಟಣದ ಬೆಲೆಯಲ್ಲಿ ಜಾಹೀರಾತಿನ ವೆಚ್ಚ, ಅಂಗಡಿಗಳಲ್ಲಿ ಒಳ್ಳೆಯ ಜಾಗ ಹಿಡಿಯಲು ತೆರುವ ಶುಲ್ಕ, ವಿತರಕರ ಪಾಲು, ಮಾರಾಟ ಸಿಬ್ಬಂದಿಯ ಸಂಬಳ, ಹೊಸ ಉತ್ಪನ್ನ ರೂಪಿಸುವ ಖರ್ಚು ಇವೆಲ್ಲವನ್ನೂ ಸೇರಿಸಬೇಕಾಗುತ್ತದೆ. ಅಂಗಡಿಗೆ ಇವುಗಳಲ್ಲಿ ಹೆಚ್ಚಿನವು ಇಲ್ಲ. ಕಪಾಟು ಅದರದೇ, ಗಿರಾಕಿ ಈಗಾಗಲೇ ಬಾಗಿಲೊಳಗೆ ಬಂದಿದ್ದಾನೆ, ಮಾರುಕಟ್ಟೆಯಲ್ಲಿ ಯಾವುದು ಓಡುತ್ತದೆ ಎಂಬುದನ್ನು ಬೇರೆಯವರು ದುಡ್ಡು ಸುರಿದು ಕಂಡುಹಿಡಿದಾಗಿದೆ. ಅಂಗಡಿ ಸಾಮಾನ್ಯವಾಗಿ ಸ್ವಂತ ಕಾರ್ಖಾನೆ ಇಟ್ಟುಕೊಳ್ಳುವುದಿಲ್ಲ, ಗುತ್ತಿಗೆಗೆ ತಯಾರಿಸಿಕೊಳ್ಳುತ್ತದೆ. ಹಾಗೆ ತಯಾರಿಸಿಕೊಡುವವರಲ್ಲಿ ಕೆಲವರು ಅಂಗಡಿಗಳಿಗಾಗಿಯೇ ಕೆಲಸ ಮಾಡುವವರು. ಇನ್ನು ಕೆಲವರು ತಮ್ಮದೇ ಹೆಸರಾಂತ ಬ್ರ್ಯಾಂಡ್ ಇದ್ದೂ ಯಂತ್ರಗಳು ಸುಮ್ಮನೆ ನಿಲ್ಲಬಾರದೆಂದು ಅಂಗಡಿಗಳ ಗುತ್ತಿಗೆ ಹಿಡಿಯುವವರು.

ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು 2007ರಲ್ಲಿ ಅನಿರೀಕ್ಷಿತವಾಗಿ ಬಯಲಾಯಿತು. ಕೆನಡಾದ ಮೆನು ಫುಡ್ಸ್ ಎಂಬ ಕಂಪನಿ ತಯಾರಿಸಿದ ಸಾಕುಪ್ರಾಣಿಗಳ ಆಹಾರದಲ್ಲಿ ಮೆಲಮೈನ್ ಎಂಬ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರಕೆಯಾದದ್ದು ಪತ್ತೆಯಾಗಿ, ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಪಟ್ಟಿಯಲ್ಲಿ ದುಬಾರಿ ಬ್ರ್ಯಾಂಡುಗಳೂ ಇದ್ದವು, ಸೂಪರ್‌ಮಾರ್ಕೆಟ್ಟುಗಳ ಅಗ್ಗದ ಸ್ವಂತ ಬ್ರ್ಯಾಂಡುಗಳೂ ಇದ್ದವು. ಆದರೆ ಇದರಿಂದ ತಪ್ಪು ತೀರ್ಮಾನಕ್ಕೆ ಬರಬಾರದು. ಒಂದೇ ಕಾರ್ಖಾನೆ ಎಂದರೆ ಒಂದೇ ಪಾಕ ಎಂದಲ್ಲ. ಅಂಗಡಿ ತನಗೆ ಬೇಕಾದ ಬೆಲೆ ಹೇಳಿ, ಆ ಬೆಲೆಗೆ ಹೊಂದುವಂತೆ ಪದಾರ್ಥಗಳ ಪ್ರಮಾಣ ಗೊತ್ತುಮಾಡಿಕೊಂಡಿರುತ್ತದೆ. ‘ಒಳಗೆ ಇರುವುದು ಅದೇ ಮಾಲು, ಲೇಬಲ್ ಮಾತ್ರ ಬೇರೆ’ ಎಂದು ಆಣೆ ಮಾಡಿ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು, ಆದರೆ ಯಾವಾಗ ನಿಜ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಹಾಗಾದರೆ ಒಳಗಿನ ವಿಷಯ ಬಲ್ಲವರು ಏನು ಕೊಳ್ಳುತ್ತಾರೆ? ಇದನ್ನೇ ಕೇಳಿಕೊಂಡು ನಾಲ್ವರು ಅರ್ಥಶಾಸ್ತ್ರಜ್ಞರು ಅಮೆರಿಕದ ಮನೆಗಳ ಖರೀದಿಯ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ತಲೆನೋವಿನ ಮಾತ್ರೆ ಕೊಳ್ಳುವಾಗ ಸಾಮಾನ್ಯ ಗ್ರಾಹಕರು ನೂರರಲ್ಲಿ 26 ಸಲ ಹೆಸರಾಂತ ಬ್ರ್ಯಾಂಡ್ ಆರಿಸಿದರೆ, ಔಷಧ ತಜ್ಞರು ಆರಿಸಿದ್ದು ನೂರರಲ್ಲಿ 9 ಸಲ ಮಾತ್ರ. ಉಪ್ಪು, ಸಕ್ಕರೆ, ಅಡುಗೆ ಸೋಡಾದಂಥ ಮೂಲ ಸಾಮಗ್ರಿಗಳಲ್ಲಿ ವೃತ್ತಿಪರ ಬಾಣಸಿಗರೂ ಉಳಿದವರಿಗಿಂತ ಹೆಚ್ಚಾಗಿ ಅಂಗಡಿಯ ಬ್ರ್ಯಾಂಡಿನ ಕಡೆ ವಾಲಿದ್ದರು. ದಿನವಿಡೀ ಒಲೆಯ ಮುಂದೆ ನಿಲ್ಲುವವರು ಸಕ್ಕರೆಗೆ ಹೆಸರಿನ ಬೆಲೆ ತೆರುತ್ತಿಲ್ಲವಾದರೆ, ಉಳಿದವರು ತೆರಲು ಕಾರಣ ನನಗಂತೂ ಕಾಣುವುದಿಲ್ಲ.

ಸಕ್ಕರೆ, ಉಪ್ಪು, ಹಿಟ್ಟು, ಸೋಡಾ, ಬೇರೇನೂ ಸೇರಿಸದೆ ಹೆಪ್ಪುಗಟ್ಟಿಸಿದ ತರಕಾರಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಉಪ್ಪಿನಲ್ಲಿ ಅಯೋಡಿನ್ ಸೇರಿಸಿದ್ದಾರೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಕಾಳು, ಅಕ್ಕಿ, ಒಣಹಣ್ಣು, ಬೀಜಗಳಲ್ಲಿ ಮಾತ್ರ ದರ್ಜೆಯ ವ್ಯತ್ಯಾಸ ಇರುತ್ತದೆ. ಅಗ್ಗದ ಪೊಟ್ಟಣದಲ್ಲಿ ನುಚ್ಚು, ಚೂರು, ಸಣ್ಣ ಗಾತ್ರದ್ದು ಹೆಚ್ಚಿರಬಹುದು. ಪುಡಿಮಾಡಿ ಬಳಸುವ ಬೀಜಕ್ಕೆ ಇಡಿಯಾಗಿ ಇರುವುದರ ಬೆಲೆ ಕೊಡಬೇಕಾದ ಅಗತ್ಯವಿಲ್ಲ.

ಬೆರೆಸಿ ಮಾಡಿದ ಆಹಾರದ ವಿಷಯಕ್ಕೆ ಬಂದರೆ ಪೊಟ್ಟಣದ ಮುಂಬದಿಯನ್ನು ಮರೆತು ಹಿಂಬದಿಯನ್ನು ಓದಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ನಿಯಮಾವಳಿಯ 1985ರ ಮಾನದಂಡದ ಪ್ರಕಾರ ಪದಾರ್ಥಗಳನ್ನು ತಯಾರಿಕೆಯಲ್ಲಿ ಬಳಸಿದ ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅಂದರೆ ಹೆಚ್ಚು ಇರುವುದು ಮೊದಲು. ಬಹುತೇಕ ದೇಶಗಳ ನಿಯಮವೂ ಹೀಗೆಯೇ ಇದೆ. ಟೊಮ್ಯಾಟೊ ಸಾಸಿನ ಎರಡು ಬಾಟಲಿಗಳನ್ನು ಅಕ್ಕಪಕ್ಕ ಹಿಡಿದು ನೋಡಿ. ಒಂದರಲ್ಲಿ ಟೊಮ್ಯಾಟೊ, ಸಕ್ಕರೆ, ವಿನೆಗರ್, ಉಪ್ಪು ಎಂದು ಇದ್ದು, ಇನ್ನೊಂದರಲ್ಲಿ ನೀರು, ಸಕ್ಕರೆ, ಆಮೇಲೆ ಟೊಮ್ಯಾಟೊ, ಅದರ ಹಿಂದೆಯೇ ಪಿಷ್ಟ ಮತ್ತು ಅಂಟು ಎಂದು ಇದ್ದರೆ, ಎರಡನೆಯದು ಮಂದವಾಗಿರುವುದು ಟೊಮ್ಯಾಟೊದಿಂದಲ್ಲ, ಪಿಷ್ಟದಿಂದ. ಅಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದು ಕಡಿಮೆ ಟೊಮ್ಯಾಟೊ. ಎರಡು ಪಟ್ಟಿಗಳಲ್ಲಿ ಮೊದಲ ಮೂರ್ನಾಲ್ಕು ಹೆಸರುಗಳು ಒಂದೇ ಕ್ರಮದಲ್ಲಿದ್ದು, ಪ್ರತಿ 100 ಗ್ರಾಂಗೆ ತೋರಿಸಿರುವ ಕೊಬ್ಬು, ಸಕ್ಕರೆ, ಉಪ್ಪಿನ ಅಂಕಿಗಳೂ ಹತ್ತಿರ ಹತ್ತಿರ ಇದ್ದರೆ, ಹೆಚ್ಚಿನ ಬೆಲೆಯನ್ನು ಸಮರ್ಥಿಸುವ ಹೊಣೆ ಹೆಸರಿನ ಮೇಲೆ ಬೀಳುತ್ತದೆ. ನೀರಿನಿಂದ ಶುರುವಾಗುವ ಪಟ್ಟಿ ದುಬಾರಿ ಬಾಟಲಿಯ ಹಿಂದೆಯೂ ಸಿಗಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಎರಡೂ ಕಡೆಗೆ ಸಲ್ಲುತ್ತದೆ.

ರಸದಲ್ಲೋ ಉಪ್ಪುನೀರಿನಲ್ಲೋ ಮುಳುಗಿಸಿಟ್ಟ ಡಬ್ಬಿಗಳಲ್ಲಿ ನಿವ್ವಳ ತೂಕದ ಜೊತೆಗೆ ದ್ರವ ಬಸಿದ ಮೇಲಿನ ತೂಕವೂ ನಮೂದಾಗಿರುತ್ತದೆ. ಹೋಲಿಸಬೇಕಾದದ್ದು ಅದನ್ನು. ಎರಡೂ ಡಬ್ಬಿಗಳ ಮೇಲೆ 400 ಗ್ರಾಂ ಎಂದೇ ಬರೆದಿದ್ದು, ಹೆಸರಾಂತ ಬ್ರ್ಯಾಂಡಿನಲ್ಲಿ ಬಸಿದ ತೂಕ 240 ಗ್ರಾಂ, ಅಂಗಡಿಯದರಲ್ಲಿ 180 ಗ್ರಾಂ ಇದೆ ಎನ್ನೋಣ. ಬೆಲೆ ಶೇಕಡಾ 20 ಕಡಿಮೆ, ಆದರೆ ಒಳಗಿನ ಮಾಲು ಶೇಕಡಾ 25 ಕಡಿಮೆ. ಅಂದರೆ ಅಗ್ಗವೆಂದು ಎತ್ತಿಕೊಂಡ ಡಬ್ಬಿಯೇ ತೂಕದ ಲೆಕ್ಕದಲ್ಲಿ ಸುಮಾರು ಶೇಕಡಾ 7ರಷ್ಟು ತುಟ್ಟಿಯಾಯಿತು.

ಇದೇ ಕಾರಣಕ್ಕೆ ಪೊಟ್ಟಣದ ಬೆಲೆಯನ್ನಲ್ಲ, ಕಿಲೋ ಅಥವಾ ಲೀಟರಿನ ಬೆಲೆಯನ್ನು ನೋಡುವುದು ರೂಢಿಯಾಗಬೇಕು. ಅನೇಕ ಕಡೆ ಕಪಾಟಿನ ಅಂಚಿನ ಚೀಟಿಯಲ್ಲಿ ಅದನ್ನು ಚಿಕ್ಕದಾಗಿ ಮುದ್ರಿಸಿರುತ್ತಾರೆ. ಇಲ್ಲದಿದ್ದರೆ ಮೊಬೈಲಿನಲ್ಲಿ ಲೆಕ್ಕ ಹಾಕಲು ಅರ್ಧ ನಿಮಿಷ ಸಾಕು. ದೊಡ್ಡ ಪೊಟ್ಟಣ ಯಾವಾಗಲೂ ಲಾಭ ಎಂಬುದೂ, ಅಂಗಡಿಯ ಬ್ರ್ಯಾಂಡೇ ಯಾವಾಗಲೂ ಅಗ್ಗ ಎಂಬುದೂ ಈ ಲೆಕ್ಕದ ಮುಂದೆ ಹಲವು ಸಲ ನಿಲ್ಲುವುದಿಲ್ಲ, ಏಕೆಂದರೆ ರಿಯಾಯಿತಿಯ ವಾರದಲ್ಲಿ ಹೆಸರಾಂತ ಬ್ರ್ಯಾಂಡ್ ಅದಕ್ಕಿಂತ ಕೆಳಗೆ ಇಳಿಯುವುದುಂಟು. ಬಟ್ಟೆ ತೊಳೆಯುವ ದ್ರವಕ್ಕಾದರೆ ಲೀಟರಿನ ಬೆಲೆಯೂ ದಾರಿ ತಪ್ಪಿಸುತ್ತದೆ. ಒಂದು ಬಾಟಲಿ ಎಷ್ಟು ಸಲ ತೊಳೆಯಲು ಬರುತ್ತದೆ ಎಂಬುದೇ ಅಲ್ಲಿ ಅಳತೆ.

ಅಗ್ಗದ ಪೊಟ್ಟಣ ನೋಡಲು ಏಕೆ ಅಷ್ಟು ಸಪ್ಪೆಯಾಗಿರುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. 1976ರಲ್ಲಿ ಫ್ರಾನ್ಸಿನ ಕ್ಯಾರ್‌ಫೂರ್ ಎಂಬ ಸೂಪರ್‌ಮಾರ್ಕೆಟ್ ಸರಣಿ ಬ್ರ್ಯಾಂಡ್ ಹೆಸರೇ ಇಲ್ಲದ 50 ಸರಕುಗಳನ್ನು ಬಿಳಿಯ ಸರಳ ಪೊಟ್ಟಣಗಳಲ್ಲಿ ಮಾರಾಟಕ್ಕೆ ಇಟ್ಟಿತು. ಎರಡು ವರ್ಷಗಳ ನಂತರ ಕೆನಡಾದ ಲಾಬ್ಲಾಸ್ ಸರಣಿ ಹಳದಿ ಹೊದಿಕೆಯ ಮೇಲೆ ಕಪ್ಪಕ್ಷರ ಮಾತ್ರ ಇರುವ ಸಾಲೊಂದನ್ನು ತಂದಿತು. ಚೆಲುವಾದ ಹೊದಿಕೆ ಮುದ್ರಿಸಲು ಅಂಥ ದೊಡ್ಡ ಖರ್ಚೇನೂ ಇಲ್ಲ. ಸಪ್ಪೆ ಹೊದಿಕೆಗೆ ಎರಡು ಕೆಲಸಗಳಿವೆ: ‘ಇಲ್ಲಿ ದುಡ್ಡು ಉಳಿಯುತ್ತದೆ’ ಎಂದು ಬೇಕಾದವರನ್ನು ಕರೆಯುವುದು ಒಂದು, ಹೆಚ್ಚು ಕೊಡಬಲ್ಲವರು ಅದನ್ನು ಬುಟ್ಟಿಗೆ ಹಾಕಿಕೊಳ್ಳಲು ಹಿಂಜರಿಯುವಂತೆ ಮಾಡುವುದು ಇನ್ನೊಂದು. ಈಗ ಅನೇಕ ಅಂಗಡಿಗಳು ಅಗ್ಗದ್ದು, ಮಧ್ಯಮದ್ದು, ಮೇಲ್ದರ್ಜೆಯದು ಎಂದು ಸ್ವಂತ ಬ್ರ್ಯಾಂಡಿನಲ್ಲೇ ಮೂರು ಮೆಟ್ಟಿಲು ಕಟ್ಟಿವೆ, ಕೆಲವಂತೂ ಬೇರೆಯೇ ಹೆಸರಿಟ್ಟು ತಮ್ಮದೆಂದು ತೋರಿಸಿಕೊಳ್ಳುವುದೇ ಇಲ್ಲ. ಒಂದೇ ಸಲಕ್ಕೆ ತಳಕ್ಕೆ ಧುಮುಕದೆ, ಈಗ ಕೊಳ್ಳುತ್ತಿರುವುದಕ್ಕಿಂತ ಒಂದು ಮೆಟ್ಟಿಲು ಮಾತ್ರ ಇಳಿದು ನೋಡುವುದು ಒಳ್ಳೆಯದು. ಕಣ್ಣಿನ ಮಟ್ಟದಲ್ಲಿ ಇಟ್ಟಿರುವುದು ಅಂಗಡಿಗೆ ಮಾರಲು ಬೇಕಾದದ್ದು. ಆ ಮೆಟ್ಟಿಲು ಹುಡುಕಲು ಕೆಲವೊಮ್ಮೆ ಬಗ್ಗಬೇಕಾಗುತ್ತದೆ.

ಇನ್ನು ರುಚಿಯ ಮಾತು. 2007ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಪ್ರಯೋಗವೊಂದರಲ್ಲಿ 3ರಿಂದ 5 ವರ್ಷದ 63 ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಬಗೆಯಲ್ಲಿ, ಒಮ್ಮೆ ಬರಿಯ ಕಾಗದದಲ್ಲಿ, ಒಮ್ಮೆ ಮೆಕ್‌ಡೊನಾಲ್ಡ್ಸ್ ಹೊದಿಕೆಯಲ್ಲಿ ಕೊಟ್ಟರು. ಮಕ್ಕಳಲ್ಲಿ ಹೆಚ್ಚಿನವರಿಗೆ ಹೊದಿಕೆಯದೇ ರುಚಿಯೆನಿಸಿತು. ಆ ಕಂಪನಿ ಆಗ ಮಾರದೆ ಇದ್ದ ಕ್ಯಾರೆಟ್ ಕೂಡ ಅದರ ಹೊದಿಕೆಯಲ್ಲಿ ಹೆಚ್ಚು ರುಚಿಸಿತು. ದೊಡ್ಡವರ ನಾಲಿಗೆ ಇದಕ್ಕೆ ಹೊರತು ಎಂದು ನಾನು ನಂಬುವುದಿಲ್ಲ. ಆದ್ದರಿಂದ ಮನೆಯಲ್ಲಿ ಹೆಸರು ಮರೆಮಾಡಿ ಪರೀಕ್ಷಿಸುವುದು ಮೇಲು. ಮೂರು ಬಟ್ಟಲು ತೆಗೆದುಕೊಂಡು ಎರಡರಲ್ಲಿ ಒಂದೇ ಬ್ರ್ಯಾಂಡ್, ಮೂರನೆಯದರಲ್ಲಿ ಇನ್ನೊಂದನ್ನು ಹಾಕಿ, ಬೇರೆಯದು ಯಾವುದು ಎಂದು ಕೇಳಬೇಕು. ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಸಲ ಉತ್ತರ ಸರಿಯಾಗುತ್ತದೆ. ಸತತ ಮೂರು ಸಲ ಊಹೆಯಿಂದಲೇ ಗೆಲ್ಲುವ ಸಾಧ್ಯತೆ 27ರಲ್ಲಿ ಒಂದು ಮಾತ್ರ. ನನ್ನ ತಂಗಿ ತನಗೆ ಸಾಸಿನಲ್ಲೂ ಚಹಾದಲ್ಲೂ ‘ಅಗ್ಗದ ವಾಸನೆ’ ಬರುತ್ತದೆ ಎಂದು ವಾದಿಸುತ್ತಿದ್ದಳು. ಸಾಸಿನಲ್ಲಿ ಎರಡು ಸಲ ಸೋತಳು. ಚಹಾದಲ್ಲಿ ಮಾತ್ರ ಮೂರಕ್ಕೆ ಮೂರೂ ಸಲ ಲೋಟ ಮೂಗಿನ ಹತ್ತಿರ ತಂದ ಕ್ಷಣದಲ್ಲೇ, ಕುಡಿಯುವ ಮೊದಲೇ ಬೇರೆಯದನ್ನು ತೋರಿಸಿಬಿಟ್ಟಳು. ಚಹಾ ಹಳೆಯದೇ ಉಳಿಯಿತು, ಸಾಸು ಬದಲಾಯಿತು.

ಬದಲಿಸುವಾಗ ಎಚ್ಚರ ಬೇಕಾದ ಕಡೆಗಳೂ ಇವೆ. ಮನೆಯಲ್ಲಿ ಯಾರಿಗಾದರೂ ಆಹಾರದ ಅಲರ್ಜಿ ಇದ್ದರೆ ಅಂಗಡಿಯ ಬ್ರ್ಯಾಂಡಿನ ಪದಾರ್ಥ ಪಟ್ಟಿಯನ್ನು ಪ್ರತಿ ಸಲವೂ ಓದಬೇಕು. ಗುತ್ತಿಗೆ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಹೋದಾಗ ಮುಂಬದಿಯ ಚಿತ್ರ ಹಾಗೆಯೇ ಇದ್ದು ಒಳಗಿನ ಪಾಕ ಬದಲಾಗಬಹುದು. ಹಸುಗೂಸಿನ ಹಾಲಿನ ಪುಡಿಯನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ. ಕಸದ ಚೀಲ, ಪಾತ್ರೆ ತೊಳೆಯುವ ದ್ರವ ಇಂಥವು ತೆಳುವಾಗಿದ್ದರೆ ಒಂದರ ಕೆಲಸಕ್ಕೆ ಎರಡು ಬಳಸುತ್ತೇವೆ.

ಕೊನೆಯದಾಗಿ, ಎಲ್ಲಿಂದ ಆರಂಭಿಸುವುದು? ಉಪ್ಪಿನಿಂದ ಆರಂಭಿಸಿದರೆ ಭಯವೂ ಇಲ್ಲ, ಉಳಿತಾಯವೂ ಇಲ್ಲ, ಏಕೆಂದರೆ ಒಂದು ಮನೆ ತಿಂಗಳಿಗೆ ಬಳಸುವ ಉಪ್ಪಾದರೂ ಎಷ್ಟು? ಹಿಂದಿನ ಎರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಅತಿ ಹೆಚ್ಚು ಹಣ ತಿಂದಿರುವ ಐದು ಸಾಲುಗಳಿಗೆ ಗೆರೆ ಎಳೆಯಿರಿ. ಅಡುಗೆ ಎಣ್ಣೆ, ಬಟ್ಟೆ ತೊಳೆಯುವ ಪುಡಿ, ಬೆಳಗಿನ ತಿಂಡಿಯ ಸೀರಿಯಲ್ ಇಂಥವು ಅಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಆ ಐದರಲ್ಲಿ ಎರಡನ್ನು ಮಾತ್ರ ಈ ತಿಂಗಳು ಬದಲಿಸಿ, ಅದೂ ಅಂಗಡಿಯಲ್ಲಿರುವ ಅತಿ ಚಿಕ್ಕ ಪೊಟ್ಟಣದಲ್ಲಿ. ಅದು ಮನೆಯಲ್ಲಿ ಸದ್ದಿಲ್ಲದೆ ಮುಗಿದುಹೋದರೆ ಮುಂದಿನ ಸಲ ದೊಡ್ಡದನ್ನು ತನ್ನಿ. ಡಬ್ಬಿಯ ಮೂಲೆಯಲ್ಲಿ ಮೆತ್ತಗಾಗುತ್ತ ಕುಳಿತರೆ, ಆ ಸಾಲನ್ನು ಹಳೆಯ ಹೆಸರಿಗೇ ಬಿಟ್ಟು ಮೂರನೆಯ ಸಾಲಿಗೆ ಹೋಗಿ.